ಹೆಸರು ಬರೆಯದೆ ಬಿಟ್ಟ ಚೆಕ್ಕು

ಅವತ್ತು ನಾವಿಬ್ಬರೂ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಒಳ್ಳೆಯ ಸೊಗಡಿನ ಕಾಯಿ. ಸುಲಿದ ಮೇಲೆ ಎಷ್ಟು ತೊಳೆದರೂ ಕೈಯಿಂದ ವಾಸನೆ ಹೋಗದು, ಹೋಗಬಾರದು ಅಂತಲೇ ನಮ್ಮ ಕಡೆಯವರ ಆಸೆ. ಅಕ್ಕ ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದಳು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ ಜಯಮ್ಮ. ಸುಲಿಯುವುದನ್ನು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು, ಖಾಲಿ ಮೊರವನ್ನು ಬೋರಲು ಹಾಕಿ, ಅದರ ಮೇಲೆ ಚೆಕ್ಕಿನ ಹಾಳೆ ಇಟ್ಟುಕೊಂಡು ಸಹಿ ಮಾಡಿದಳು. ಸಹಿ ಮಾಡುವಾಗ ಅವಳ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. ಮೊರದ ಹೆಣಿಗೆಯ ಉಬ್ಬು ತಗ್ಗುಗಳೆಲ್ಲ ಆ ಸಹಿಯಲ್ಲಿ ಮೂಡಿಕೊಂಡವು.

"ಐನೂರ ಒಂದು ಅಂತ ಬರ್ಕೊ ಕಮಲ. ಆ ಒಂದು ಮರೀಬೇಡ."

"ಬರೀತೀನಿ. ಹೆಸರು ಯಾರದ್ದು ಹಾಕ್ಲಿ?"

ಹೇಳಲು ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ವಿಮಾನ ಬಂತು.

ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣ ಆದಾಗಿನಿಂದ ನಮ್ಮೂರವರಿಗೆ ಒಂದು ಅಭ್ಯಾಸ ಬಂದುಬಿಟ್ಟಿದೆ. ತಲೆಯ ಮೇಲೆ ವಿಮಾನ ಹಾದರೆ ಮಾತನ್ನು ಇದ್ದಲ್ಲಿಗೇ ನಿಲ್ಲಿಸುತ್ತೇವೆ. ಸದ್ದು ಹೋದ ಮೇಲೆ ನಿಂತ ಕಡೆಯಿಂದ ಮುಂದುವರಿಸುತ್ತೇವೆ. ಜಗಳ ಆಡುವವರೂ ಅಷ್ಟೇ. ಅರ್ಧ ಬೈಗುಳ ಬಾಯಲ್ಲಿ ಇಟ್ಟುಕೊಂಡು, ಕೈ ಮೇಲೆತ್ತಿಕೊಂಡು ಇಬ್ಬರು ಎದುರೆದುರು ಕಾಯುವುದನ್ನು ನೋಡಬೇಕು. ಕೆಲವು ಜಗಳಗಳು ಅಷ್ಟರಲ್ಲೇ ನಗುವಾಗಿ ಮುಗಿದಿವೆ. ಈ ವಿದ್ಯೆಯಲ್ಲಿ ಅಕ್ಕನನ್ನು ಮೀರಿಸಿದವರಿಲ್ಲ. "ಸಾರಿಗೆ ಉ" ಅಂತ ನಿಲ್ಲಿಸಿ, ವಿಮಾನ ನಂದಿಬೆಟ್ಟದ ಕಡೆ ಮರೆಯಾದ ಮೇಲೆ "ಪ್ಪು ಹಾಕ್ದಾ?" ಅನ್ನುತ್ತಿದ್ದಳು.

ಅವತ್ತು ಮಾತ್ರ ಆ ಸದ್ದು ಅಡಗುವ ಮೊದಲೇ ನಮ್ಮ ಹಸು ಹಗ್ಗ ಕಿತ್ತುಕೊಂಡು ಮೆಂತ್ಯ ಸೊಪ್ಪಿನ ಮಡಿಗೆ ನುಗ್ಗಿತು. "ನಿನ್ನ ಮನೆ ಹಾಳಾಗ!" ಅಂತ ಬೈಯುತ್ತಾ ಅಕ್ಕ ಓಡಿದಳು. ಅದರ ಹಿಂದೆ ಅವಳು, ಅವಳ ಹಿಂದೆ ನಾನು. ಹಸುವಿನ ಮನೆಯೂ ನಮ್ಮ ಮನೆಯೇ ಅಲ್ಲವೇ ಅಂತ ಹೊಳೆದು ಮಡಿಯ ನಡುವೆ ನಿಂತು ನಕ್ಕೆವು. ವಾಪಸು ಬಂದರೆ ಕಾಯೆಲ್ಲ ಚೆಲ್ಲಾಡಿತ್ತು. ಆಯ್ದುಕೊಂಡೆವು. ಹೆಸರಿನ ಮಾತು ಇಬ್ಬರಿಗೂ ಮರೆತುಹೋಯಿತು.

ಮಾರನೆಯ ಬೆಳಿಗ್ಗೆ ಹಿತುಕಿದ ಬೇಳೆಯ ಸಾರಿಗೆ ಒಗ್ಗರಣೆ ಹಾಕುವ ಮೊದಲೇ ಅಕ್ಕ ಎದೆ ಒತ್ತಿಕೊಂಡು ಒಲೆಯ ಮುಂದೆ ಕೂತಳು. ದೊಡ್ಡಬಳ್ಳಾಪುರದ ಆಸ್ಪತ್ರೆ ಸೇರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಆ ಚೆಕ್ಕು ಈಗ ನನ್ನ ಹತ್ತಿರ ಇದೆ. ಒಂದು ರೂಪಾಯಿ ಸೇರಿಸು ಅಂದಳಲ್ಲ, ಹಾಗಾಗಿ ಯಾವುದೋ ಶುಭಕಾರ್ಯದ ಮುಯ್ಯಿ ಅನ್ನುವುದು ಖಂಡಿತ. ಯಾರ ಮನೆಯದು ಅನ್ನುವುದು ಗೊತ್ತಿಲ್ಲ. ಅಕ್ಕ ಯಾರಿಗೆ ಕೊಡಬೇಕು ಅಂದುಕೊಂಡಿದ್ದಳೋ ಅವರಿಗೆ ಅದು ಸೇರಬೇಕು. ನನ್ನ ಚಿಂತೆ ಅಷ್ಟೇ.

ಇದರಲ್ಲಿ ತಮಾಷೆ ಏನೆಂದರೆ, ಚೆಕ್ಕಿನಲ್ಲಿ ಖಾಲಿ ಜಾಗ ಬಿಡಬಾರದು ಅಂತ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ನಾನು. ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು ಗೀಟು ಕಮಲಮ್ಮ ಅನ್ನುತ್ತಾರೆ. ಅಕ್ಷರ ಮುಗಿದ ಕಡೆಯಿಂದ ಹಾಳೆಯ ಅಂಚಿನವರೆಗೆ ನಾನು ಒಂದು ಗೀಟು ಎಳೆಯದೆ ಬಿಡುವುದಿಲ್ಲ. ಚೆಕ್ಕಿರಲಿ, ರೇಷನ್ ಕಾರ್ಡಿನ ಅರ್ಜಿಯಿರಲಿ, ಮಗಳ ಸ್ಕೂಲಿಗೆ ಬರೆಯುವ ರಜಾಚೀಟಿಯಿರಲಿ. ಒಮ್ಮೆ ರಜಾಚೀಟಿ ನೋಡಿದ ಮೇಷ್ಟ್ರು, "ಏನಮ್ಮಾ, ಖಾಲಿ ಜಾಗದಲ್ಲಿ ನಾನು ಇನ್ನೊಂದು ಜ್ವರ ಸೇರಿಸ್ತೀನಾ?" ಅಂತ ಕೇಳಿದ್ದರು.

ಖಾಲಿ ಜಾಗದ ಭಯ ನನಗೆ ಚಿಕ್ಕಂದಿನಿಂದಲೂ ಇದೆ. ಪರೀಕ್ಷೆಯಲ್ಲಿ "ಬಿಟ್ಟ ಸ್ಥಳ ತುಂಬಿರಿ" ಅಂತ ಬರುತ್ತಿತ್ತಲ್ಲ, ಅದರಲ್ಲಿ ಒಂದನ್ನೂ ನಾನು ಬಿಟ್ಟವಳಲ್ಲ. ಗೊತ್ತಿದ್ದರೆ ಗೊತ್ತಿದ್ದದ್ದು, ಇಲ್ಲದಿದ್ದರೆ ಕೈಗೆ ಬಂದದ್ದು. ನದಿಯ ಹೆಸರು ಕೇಳಿದರೆ ಕಣ್ಣುಮುಚ್ಚಿ ಅರ್ಕಾವತಿ ಅಂತ ಬರೆಯುತ್ತಿದ್ದೆ. ಆಗ್ರಾ ಯಾವ ನದಿಯ ದಂಡೆಯ ಮೇಲಿದೆ? ಅರ್ಕಾವತಿ. ಈಜಿಪ್ಟಿನ ಜೀವನದಿ ಯಾವುದು? ಅರ್ಕಾವತಿ. ನಮ್ಮ ಅರ್ಕಾವತಿಯಲ್ಲಿ ಆಗಲೇ ಮೊಣಕಾಲುದ್ದ ನೀರು ಇರುತ್ತಿರಲಿಲ್ಲ, ಪಾಪ. ನನ್ನ ಉತ್ತರಪತ್ರಿಕೆಯಲ್ಲಿ ಮಾತ್ರ ಅದು ಲೋಕವನ್ನೆಲ್ಲ ಸುತ್ತಿ ಬಂತು. ಹೀಗೇ ತುಂಬಿ ತುಂಬಿ ಹೇಗೋ ಎಸ್ಸೆಸ್ಸೆಲ್ಸಿ ಪಾಸಾದೆ.

ಅಕ್ಕನ ತವರು ಹೊಸಕೋಟೆಯ ಕಡೆ ಜಡಿಗೇನಹಳ್ಳಿ. ಅವಳು ಸ್ಕೂಲಿಗೆ ಹೋದದ್ದಕ್ಕಿಂತ ಸ್ಕೂಲಿನ ಹಿಂದಿನ ಹುಣಸೆಮರಕ್ಕೆ ಹೋದದ್ದು ಹೆಚ್ಚಂತೆ. ಅವಳಿಗೆ ಖಾಲಿ ಜಾಗದ ಭಯವೇ ಇರಲಿಲ್ಲ. ಊಟಕ್ಕೆ ಕೂತರೂ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂರುತ್ತಿದ್ದಳು, ಯಾರಾದರೂ ಬಂದಾರು ಅಂತ. ನಾನು ಸೊಸೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಅವಳನ್ನು "ನೀವು" ಅನ್ನುತ್ತಿದ್ದೆ. ಒಂದು ದಿನ ನೀರೊಲೆಯ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದಳು.

"ಲೇ ಹುಡುಗಿ, ನೀವು ಗೀವು ಅಂತಿದ್ರೆ ನಾನು ನಾಳೆನೇ ಮುದುಕಿ ಆಗೋಗ್ತೀನಿ. ನೀನು ಅನ್ನು."

"ಅತ್ತೆ ಬೈತಾರಕ್ಕ."

"ಅತ್ತೆ ಮುಂದೆ ನೀವು ಅನ್ನು. ಅವರು ಆ ಕಡೆ ತಿರುಗಿದ ತಕ್ಷಣ ನೀನು ಅನ್ನು. ಅಷ್ಟೂ ಬರಲ್ವಾ, ಎಸ್ಸೆಸ್ಸೆಲ್ಸಿ ಓದಿದ್ದೀಯ!"

ಚೆಕ್ಕು ನಮ್ಮ ಊರಿಗೆ ಬಂದದ್ದು ವಿಮಾನದ ಹಿಂದೆಯೇ. ವಿಮಾನ ನಿಲ್ದಾಣಕ್ಕೆ ರಸ್ತೆ ಬೇಕು, ರಸ್ತೆಗೆ ನೆಲ ಬೇಕು. ಹಾಗೆ ಹೋದ ಒಂದು ತುಂಡು ಹೊಲ ಅಕ್ಕನ ಹೆಸರಿನಲ್ಲಿತ್ತು. ಅದರ ಹಣ ಅವಳ ಖಾತೆಗೆ ಬಂತು. ಅವಳ ಮಗಳ ಓದಿಗೂ ನನ್ನ ಮಗಳ ಓದಿಗೂ ಅಂತ ಅದನ್ನು ಹಾಗೇ ಇಟ್ಟೆವು. ಹಣದ ಜೊತೆ ಒಂದು ಚೆಕ್ ಪುಸ್ತಕವೂ ಬಂತು. ಸುತ್ತಲ ಊರುಗಳಲ್ಲೆಲ್ಲ ಅದೇ ಕಾಲಕ್ಕೆ ಚೆಕ್ ಪುಸ್ತಕ ಬಂದಿದ್ದರಿಂದ ಮದುವೆಮನೆಯಲ್ಲಿ ನೋಟು ಕೊಡುವುದು ಸ್ವಲ್ಪ ಬಡತನ ಅನ್ನುವಂತಾಯಿತು. ಕವರಿನಲ್ಲಿ ಚೆಕ್ಕು ಇಟ್ಟು ಕೊಟ್ಟರೆ ಅದರ ಗತ್ತೇ ಬೇರೆ.

ನಮ್ಮ ಕಡೆ ಮುಯ್ಯಿ ಬರೆಸುವ ಕ್ರಮ ಗೊತ್ತಲ್ಲ? ಒಬ್ಬರು ಮೇಜು ಹಾಕಿಕೊಂಡು ಬರೆಯುತ್ತಿರುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಇಂಥ ಊರಿನ ಇಂಥವರಿಂದ ಇಷ್ಟು ಅಂತ ಮೈಕಿನಲ್ಲಿ ಕೂಗುತ್ತಾರೆ. ಅಲ್ಲಿ ಮುಖ್ಯ ಕೊಟ್ಟವರ ಹೆಸರು. ಇಸಿದುಕೊಂಡವರ ಹೆಸರು ಯಾರಿಗೆ ಬೇಕು, ಚಪ್ಪರದ ಮೇಲೆ ದೊಡ್ಡದಾಗಿ ಹಾಕಿರುತ್ತಾರಲ್ಲ! ಹಾಗಾಗಿ ಮೊದಲನೇ ಚೆಕ್ಕಿನಲ್ಲಿ ಹೆಸರಿನ ಗೆರೆ ಕಂಡ ಕೂಡಲೇ ಅಕ್ಕ, "ಜಯಮ್ಮ ಅಂತ ಬರಿ, ದಪ್ಪಗೆ ಬರಿ" ಅಂದಳು. ನಾನೂ ಮುದ್ದಾಗಿ ಬರೆದುಕೊಟ್ಟೆ. ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕವರಿಗೆ ಹಾಕಿದಳು.

ಮದುವೆ ಕಳೆದ ಮೇಲೆ ಬ್ಯಾಂಕಿನಿಂದ ಕರೆ ಬಂತು. ಇಬ್ಬರೂ ಒಳ್ಳೆ ಸೀರೆ ಉಟ್ಟುಕೊಂಡು ಹೋದೆವು. ಮ್ಯಾನೇಜರ್ ಮೇಡಂ ಆ ಚೆಕ್ಕನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು.

"ಜಯಮ್ಮನೋರೆ, ನಿಮ್ಮ ದುಡ್ಡನ್ನ ನೀವು ನಿಮಗೇ ಕೊಟ್ಕೊಂಡಿದ್ದೀರ."

"ಮತ್ತೆ ಕೊಟ್ಟೋರ ಹೆಸರು ಬೇಡ್ವಾ ಮೇಡಂ? ನಾಳೆ ಅವರು ತಿರುಗಿ ಯಾರಿಗೆ ಮುಯ್ಯಿ ಹಾಕ್ಬೇಕು?"

"ಕೆಳಗೆ ನಿಮ್ಮ ಸಹಿ ಇದೆಯಲ್ಲಮ್ಮಾ."

"ಅದು ನನಗೇ ಓದೋಕೆ ಬರಲ್ಲ."

ಮೇಡಂ ಒಳ್ಳೆಯವರು, ನಕ್ಕು ಟೀ ತರಿಸಿದರು. ಚೆಕ್ಕು ಬರೆಯುವುದು ಹೇಗೆ ಅಂತ ಕೂರಿಸಿಕೊಂಡು ಹೇಳಿಕೊಟ್ಟರು. ಹೆಸರು ಬಿಟ್ಟರೆ ಸಿಕ್ಕಿದವರು ತಮ್ಮ ಹೆಸರು ಹಾಕಿಕೊಳ್ಳುತ್ತಾರೆ. ಅಂಕಿಯ ಹಿಂದೆ ಮುಂದೆ ಜಾಗ ಬಿಟ್ಟರೆ ಇನ್ನಷ್ಟು ಅಂಕಿ ಬಂದು ಸೇರಿಕೊಳ್ಳುತ್ತವೆ. ತಾರೀಖು ಬಿಟ್ಟರೆ ಅದು ಯಾವ ದಿನ ಬೇಕಾದರೂ ಎದ್ದು ಬರುತ್ತದೆ. ಅರಿಶಿನ ಹಚ್ಚಬೇಡಿ, ಮೆಷಿನ್ನಿಗೆ ಆಗುವುದಿಲ್ಲ. ಉಳಿದ ಜಾಗಕ್ಕೆಲ್ಲ ಗೀಟು ಎಳೆಯಿರಿ. ನಾನು ಅದನ್ನು ವೇದವಾಕ್ಯ ಮಾಡಿಕೊಂಡೆ. ಅಕ್ಕನೂ ಅದೇ ಟೀ ಕುಡಿದು, ಅದೇ ಮಾತು ಕೇಳಿ, ಬೇರೆಯೇ ಪಾಠ ಕಲಿತು ಎದ್ದಳು. ಹೆಸರು ಬರೆದರೆ ತಪ್ಪಾಗುತ್ತದೆ, ಬರೆಯದಿದ್ದರೆ ತಪ್ಪಿಲ್ಲ!

ಅವಳ ಮಾತಿನಲ್ಲೂ ಸ್ವಲ್ಪ ನ್ಯಾಯವಿತ್ತು ಅನ್ನಿ. ನಮ್ಮ ಕಡೆ ಮನೆಯಲ್ಲಿ ಕರೆಯುವ ಹೆಸರೊಂದು, ಬ್ಯಾಂಕಿನ ಹೆಸರೊಂದು. ಹುಟ್ಟಿದಾಗಿನಿಂದ ಪುಟ್ಟಿ ಅಂತ ಕರೆದ ಹುಡುಗಿಯ ಕಾಗದದ ಹೆಸರು ಏನು ಅಂತ ಅವಳ ಸೋದರತ್ತೆಗೂ ಗೊತ್ತಿರುವುದಿಲ್ಲ. ಮದುವೆಯ ದಿನ ಹೋಗಿ ಕೇಳುವುದಕ್ಕಾಗುತ್ತದೆಯೇ? ತಾರೀಖಿನ ವಿಷಯದಲ್ಲೂ ಅವಳದು ಹೀಗೇ ಒಂದು ತರ್ಕ. "ನಾವು ಒಂದು ದಿನ ಹಾಕಿ, ಅದು ಅಮಾವಾಸ್ಯೆ ಆಗ್ಬಿಟ್ರೆ? ಅವರೇ ಒಳ್ಳೆ ದಿನ ನೋಡಿ ಹಾಕ್ಕೊಳ್ಳಲಿ."

ಹೀಗಿರುವಾಗ ನಾನೊಮ್ಮೆ ತವರಿಗೆ ಹೋಗಿದ್ದೆ. ಅಷ್ಟರಲ್ಲಿ ರಾಜಘಟ್ಟದಲ್ಲಿ ಒಂದು ಸೀಮಂತ ಬಂತು. ಅಕ್ಕ ಸಹಿ ಮಾಡಿ, ಭಾವನ ಕೈಯಲ್ಲಿ ಬರೀ ಅಂಕಿಯಲ್ಲಿ 501 ಅಂತ ಬರೆಸಿ, ಹೆಸರು ಇಲ್ಲ, ತಾರೀಖು ಇಲ್ಲ, ಅಕ್ಷರದಲ್ಲಿ ಮೊತ್ತವೂ ಇಲ್ಲದೆ ಕವರಿಗೆ ಹಾಕಿ ಕೊಟ್ಟು ಬಂದಳು. ನಾನು ಬಂದು ಕೇಳಿದರೆ ಭಾವ, "ಅಂಕಿ ಬರೆಯೋ ಮನೆಯ ಮಧ್ಯದಲ್ಲಿ ಚೆನ್ನಾಗಿ ಕಾಣೋ ಹಾಗೆ ಬರೆದಿದ್ದೀನಿ ಕಣಮ್ಮ" ಅಂದರು. ಮಧ್ಯದಲ್ಲಿ ಅಂದರೆ ಮುಂದೆ ಇನ್ನಷ್ಟು ಅಂಕಿ ಕೂರುವಷ್ಟು ಜಾಗ ಇದೆ ಅಂತ ತಾನೆ? ಮಕ್ಕಳ ಓದಿನ ಹಣವೆಲ್ಲ ಆ ಖಾತೆಯಲ್ಲಿತ್ತು. ಸೊಪ್ಪು ಬಿಡಿಸುತ್ತಾ ಕೂತರೂ ನನ್ನ ಕಣ್ಣ ಮುಂದೆ ಆ ಐನೂರ ಒಂದರ ಎದುರು ಒಂದೊಂದೇ ಅಂಕಿ ಬಂದು, ಪಂಕ್ತಿಗೆ ಕೂತ ಹಾಗೆ ಕೂರುತ್ತಿತ್ತು.

ಬ್ಯಾಂಕಿಗೆ ಓಡಿದೆ. ತಡೆಹಿಡಿಯೋಣ, ಚೆಕ್ಕಿನ ನಂಬರ್ ಹೇಳಿ ಅಂದರು ಮೇಡಂ. ಅಕ್ಕ ಹಾಳೆಯನ್ನು ಪುಸ್ತಕದ ಮಧ್ಯದಿಂದ, ಬುಡವೂ ಉಳಿಯದ ಹಾಗೆ ಕಿತ್ತಿದ್ದಳು. ಹಾಗೆ ಕಿತ್ತ ಹಾಳೆಗಳು ಇನ್ನೂ ಹಲವಿದ್ದವು. ಕೆಲವು ಅಡಿಗೆಮನೆಯ ಕಪಾಟಿಗೆ ಹಾಸಿದ ಪೇಪರಿನ ಕೆಳಗೆ ಸಿಕ್ಕವು, ಕೆಲವು ಸಿಗಲಿಲ್ಲ. ಯಾವುದು ರಾಜಘಟ್ಟಕ್ಕೆ ಹೋಯಿತು ಅಂತ ಹೇಳುವುದು ಹೇಗೆ?

"ರಾಜಘಟ್ಟದವರನ್ನೇ ಕೇಳೋಣ ಅಕ್ಕ."

"ಕೊಟ್ಟ ಮುಯ್ಯಿ ಎಲ್ಲಿ ಹೋಯ್ತು ಅಂತ ಕೇಳೋದಾ? ಮರ್ಯಾದೆ ಬೇಡ್ವೇನೇ?"

"ಯಾರಾದ್ರೂ ಮುಂದೆ ಅಂಕಿ ಸೇರಿಸಿದ್ರೆ?"

"ನಮ್ಮ ಜನ ಕಣೇ. ಬರೆಯೋದು ಅಂದ್ರೆ ಸೋಮಾರಿಗಳು."

ಇಲ್ಲಿ ರವಿಕೆ ಕಣದ ವಿಷಯ ಹೇಳದಿದ್ದರೆ ಮುಂದಿನದು ಗೊತ್ತಾಗುವುದಿಲ್ಲ. ಅರಿಶಿನ ಕುಂಕುಮಕ್ಕೆ ಹೋದರೆ ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಒಂದು ರವಿಕೆ ಕಣ ಇಟ್ಟು ಕೊಡುತ್ತಾರಲ್ಲ, ಅದನ್ನು ಯಾರಾದರೂ ಹೊಲಿಸಿಕೊಂಡದ್ದನ್ನು ನೀವು ನೋಡಿದ್ದೀರಾ? ನಾನು ನೋಡಿಲ್ಲ. ಅದು ಪೆಟ್ಟಿಗೆ ಸೇರುತ್ತದೆ, ಮುಂದಿನ ತಟ್ಟೆಯಲ್ಲಿ ಹೊರಡುತ್ತದೆ. ಅಕ್ಕ ಒಮ್ಮೆ ಪರೀಕ್ಷೆಗೆಂದು ಒಂದು ಹಸಿರು ಕಣದ ಮೂಲೆಗೆ ಕೆಂಪು ದಾರದಲ್ಲಿ ಒಂದು ಗಂಟು ಹಾಕಿ ಬಿಟ್ಟಿದ್ದಳು. ಮೂರು ಗೌರಿಹಬ್ಬ ಕಳೆದ ಮೇಲೆ ಅದು ಮಡಿಕೆ ಮಾಸದೆ ನಮ್ಮ ಮನೆಗೇ ಬಂತು. ಅವತ್ತು ಅವಳು ಕುಣಿಯುವುದೊಂದೇ ಬಾಕಿ.

ಹೊಲದ ಕಡೆ ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದೆವು. ಜನ ಉಂಡು ಹೋದ ಮೇಲೆ ಅಕ್ಕನೂ ನಾನೂ ಚಾಪೆಯ ಮೇಲೆ ಕಾಲು ನೀಡಿಕೊಂಡು ಕವರುಗಳನ್ನು ಒಡೆಯುತ್ತಿದ್ದೆವು. ಪಕ್ಕದ ಮನೆಯ ಮುನಿಯಮ್ಮ ಮಿಕ್ಕಿದ ಒಬ್ಬಟ್ಟನ್ನು ಡಬ್ಬಿಗೆ ತುಂಬಿಕೊಳ್ಳುತ್ತಾ ಅಲ್ಲೇ ಇದ್ದಳು. ಮುನಿಯಮ್ಮ ಕೊಟ್ಟಿದ್ದ ಕವರು ಒಡೆದ ಅಕ್ಕ, ಒಳಗಿದ್ದದ್ದನ್ನು ನನ್ನ ಮಡಿಲಿಗೆ ಹಾಕಿದಳು. ನೋಡಿದರೆ ಚೆಕ್ಕು. ಮೂಲೆಗಳಲ್ಲಿ ಅರಿಶಿನ ಮೆತ್ತಿ ಮೆತ್ತಿ ಹಪ್ಪಳದಂತಾಗಿದೆ. ಮಡಿಸಿದಲ್ಲಿ ಸವೆದಿದೆ. ಮಧ್ಯದಲ್ಲಿ ಭಾವನ 501.

"ಮುನಿಯಮ್ಮ, ಈ ಚೆಕ್ಕು ನಿಂಗೆ ಎಲ್ಲಿ ಸಿಕ್ತೇ?"

"ಸಿಗೋದೇನು? ನಂದೇ."

"ಸಹಿ ಯಾರದ್ದು?"

"ಅದೂ ನಂದೇ."

"ನೀನು ಹೆಬ್ಬೆಟ್ಟಲ್ವೇನೇ!"

ಮುನಿಯಮ್ಮ ಒಬ್ಬಟ್ಟಿನ ಡಬ್ಬಿ ಕೆಳಗಿಟ್ಟಳು. "ಆಯ್ತು ಬಿಡವ್ವ. ಘಾಟಿ ದೇವಸ್ಥಾನದಲ್ಲಿ ನಮ್ಮ ಮೊಮ್ಮಗನ ನಾಮಕರಣಕ್ಕೆ ಯಾರೋ ಹಾಕಿದ್ರು. ಸಹಿ ನೋಡಿದ್ರೆ ಕೋಳಿ ಕೆರೆದಂಗಿತ್ತು, ಯಾರೋ ದೊಡ್ಡ ಆಫೀಸರ್ದಿರ್ಬೇಕು ಅಂದ್ಕೊಂಡೆ."

ಅಕ್ಕ ನಕ್ಕು ನಕ್ಕು ಚಾಪೆಯ ಮೇಲೇ ಒರಗಿಬಿಟ್ಟಳು. ರಾಜಘಟ್ಟದಿಂದ ಘಾಟಿಗೆ ಎಷ್ಟು ಮನೆ ಹೊಕ್ಕು ಬಂತೋ! ಐನೂರ ಒಂದಕ್ಕೆ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲುವವರಾರು, ಹೆಸರು ಬರೆಯಲು ಹೋಗಿ ತಪ್ಪು ಮಾಡುವವರಾರು ಅಂತ ಪ್ರತಿಯೊಬ್ಬರೂ ಒಂದಿಷ್ಟು ಅರಿಶಿನ ಹಚ್ಚಿ ಮುಂದಕ್ಕೆ ಸಾಗಿಸಿದ್ದರು. ನಾನು ಮಾತ್ರ ಚೆಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಅಂಕಿಯ ಮುಂದಿನ ಜಾಗ ನೋಡಿದೆ. ಬೆಳ್ಳಗೆ ಹಾಗೇ ಇತ್ತು. ಯಾರೂ ಒಂದು ಚುಕ್ಕೆ ಇಟ್ಟಿರಲಿಲ್ಲ.

"ನೋಡ್ದಾ?" ಅಂದಳು ಅಕ್ಕ. ಚೆಕ್ಕಿಗೆ ಕುಂಕುಮ ಇಟ್ಟಳು. "ಬಾರವ್ವ, ಊರೆಲ್ಲಾ ಸುತ್ತಿ ತವರಿಗೆ ಬಂದ್ಯಾ."

ಅವಳು ಮುನಿಯಮ್ಮನಿಗೆ ಇನ್ನಷ್ಟು ಒಬ್ಬಟ್ಟು ಕೊಡಲು ಎದ್ದಾಗ ನಾನು ಪೆನ್ನು ಹುಡುಕಿ ಚೆಕ್ಕಿನ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೀಟು ಎಳೆದು "ರದ್ದು" ಅಂತ ಬರೆದುಬಿಟ್ಟೆ. ಬಂದು ನೋಡಿದವಳು, "ಥೂ, ತವರಿಗೆ ಬಂದ ಮಗಳನ್ನ ಹೀಗಾ ನೋಡ್ಕೊಳ್ಳೋದು?" ಅಂದಳು. ಅವತ್ತಿನಿಂದ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಯಿತು. ಸಹಿ ಅವಳದು, ಉಳಿದದ್ದೆಲ್ಲ ನನ್ನದು. ಹೆಸರು ಮೊದಲು ಕೇಳಬೇಕು, ಆಮೇಲೆ ಪೆನ್ನು ಮುಟ್ಟಬೇಕು. ಆ ಕೊನೆಯ ಚೆಕ್ಕಿನವರೆಗೂ ನಾವಿಬ್ಬರೂ ಅದನ್ನು ಮೀರಿರಲಿಲ್ಲ.

ಅಕ್ಕನ ಕಾರ್ಯಗಳೆಲ್ಲ ಮುಗಿದ ಮೇಲೆ ಭಾವ ಒಂದು ಸಂಜೆ ಬಂದು ಜಗಲಿಯ ಮೇಲೆ ಕೂತರು. "ಯಾರಿಗೆ ಅಂತ ಹೇಳಮ್ಮ, ನಾನೇ ಹೋಗಿ ಕೊಟ್ಟು ಬರ್ತೀನಿ" ಅಂದರು. ಯಾರಿಗೆ ಅಂತ ಹೇಳಲಿ? ಅಕ್ಕ ಸಹಿ ಮಾಡಿದ್ದು ಧನುರ್ಮಾಸದಲ್ಲಿ. ಆ ತಿಂಗಳಲ್ಲಿ ನಮ್ಮಲ್ಲಿ ಯಾರೂ ಮದುವೆ ಮುಂಜಿ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಇನ್ನೂ ಪತ್ರಿಕೆ ಅಚ್ಚಾಗದ, ಅಕ್ಕನ ಕಿವಿಯಲ್ಲಿ ಮಾತ್ರ ಯಾರೋ ಹೇಳಿಕೊಂಡ ಸಂತೋಷ ಅದು. ಮುನಿಯಮ್ಮ ಬಂದು, "ನಂಗೇ ಇರ್ಬೇಕು ಕಣವ್ವ, ಅವತ್ತು ನನ್ನ ಮುಯ್ಯಿಗೆ ಗೀಟು ಹೊಡೆದ್ರಲ್ಲ" ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ತಾನೇ, "ನಂಗಲ್ಲ ಬಿಡು. ನಂಗಾಗಿದ್ರೆ ಬೇಲಿಯಿಂದಾನೇ ಕೂಗಿ ಹೇಳೋಳು" ಅಂದಳು.

ಬ್ಯಾಂಕಿನಲ್ಲಿ ಉಳಿದ ಹಾಳೆಗಳನ್ನು ಒಪ್ಪಿಸಿದೆ. ಖಾತೆಯವರೇ ಹೋದ ಮೇಲೆ ಸಹಿಯಿರುವ ಆ ಒಂದು ಚೆಕ್ಕೂ ನಡೆಯುವುದಿಲ್ಲ, ಅಡ್ಡಗೀಟು ಎಳೆದು ಬೇಕಾದರೆ ನೀವೇ ಇಟ್ಟುಕೊಳ್ಳಿ ಅಂದರು ಮೇಡಂ. ಮನೆಗೆ ಬಂದು ಪೆನ್ನು ತೆಗೆದೆ. ಮಗಳ ರಜಾಚೀಟಿಯನ್ನೂ ಬಿಡದ ಗೀಟು ಕಮಲಮ್ಮ ಅಡ್ಡಗೀಟು ಎಳೆಯದೆ ಪೆನ್ನಿಗೆ ಮುಚ್ಚಳ ಹಾಕಿ ಎದ್ದುಬಂದಳು.

ವರ್ಷದ ತಿಥಿ ಕಳೆದ ಮೇಲೆ ನಾನು ಒಂದು ಕೆಲಸ ಶುರುಮಾಡಿದ್ದೇನೆ. ಅಕ್ಕನ ಪರಿಚಯದವರ ಮನೆಯಿಂದ ಯಾವ ಕರೆಯೋಲೆ ಬಂದರೂ ಬಿಡುವುದಿಲ್ಲ. ಒಬ್ಬಳೇ ಎಲ್ಲಿಗೂ ಹೋಗದಿದ್ದವಳು ಈಗ ಬಸ್ಸು ಹತ್ತಿ ನೆಲಮಂಗಲದವರೆಗೂ ಹೋಗುತ್ತೇನೆ. ಐನೂರ ಒಂದು ರೂಪಾಯಿ ನೋಟಿನಲ್ಲೇ ಕೊಟ್ಟು, "ಜಯಮ್ಮನ ಮನೆಯಿಂದ ಅಂತ ಕೂಗಪ್ಪ" ಅನ್ನುತ್ತೇನೆ. ಮೈಕಿನಲ್ಲಿ ಅಕ್ಕನ ಹೆಸರು ಚಪ್ಪರ ತುಂಬಾ ಕೇಳಿಸುತ್ತದೆ. ಕೇಳಿದವರು ಬಂದು ನನ್ನ ಕೈ ಹಿಡಿದುಕೊಳ್ಳುತ್ತಾರೆ. ಪ್ರತಿಯೊಬ್ಬರ ಹತ್ತಿರವೂ ನನಗೆ ಗೊತ್ತಿಲ್ಲದ ಒಂದು ಅಕ್ಕನ ಕಥೆ ಇರುತ್ತದೆ, ಹೇಳಿ ನಗಿಸುತ್ತಾರೆ. ಇಷ್ಟು ಊಟ, ಇಷ್ಟು ನಗು ನನ್ನ ಜೀವನದಲ್ಲಿ ಎಂದೂ ಆಗಿರಲಿಲ್ಲ. "ಅಕ್ಕ ಸತ್ತ ಮೇಲೆ ನೀನು ದಪ್ಪ ಆದೆ" ಅಂತ ಮುನಿಯಮ್ಮ ರೇಗಿಸುತ್ತಾಳೆ. ನಿಜವೇ. ಆದರೆ "ನಮ್ಮ ಮನೆಯ ವಿಷಯ ಜಯಮ್ಮನಿಗೆ ಮೊದಲೇ ಹೇಳಿದ್ದೆ" ಅಂತ ಇದುವರೆಗೆ ಯಾರೂ ಅಂದಿಲ್ಲ.

ವಿಮಾನ ಬಂದರೆ ಈಗಲೂ ಮಾತು ನಿಲ್ಲಿಸುತ್ತೇನೆ, ಅದು ಹೋದ ಮೇಲೂ ಒಂದು ಗಳಿಗೆ ಕಾಯುತ್ತೇನೆ. ಆ ಚೆಕ್ಕು ನನ್ನ ಸೀರೆಗಳ ಮಧ್ಯೆ, ಆ ಹಸಿರು ರವಿಕೆ ಕಣದೊಳಗೆ ಇದೆ. ಆಮೇಲೊಂದು ದಿನ ಕೂತು ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದ್ದೇನೆ. ಹಿಂದೆ ಮುಂದೆ ಗೀಟು ಎಳೆದಿದ್ದೇನೆ. ಅಕ್ಕನ ಸಹಿ ಇದೆ, ಅದರಲ್ಲಿ ಮೊರದ ಗುರುತೂ ಇದೆ. ಯಾರಿಗೆ ಅನ್ನುವ ಹೆಸರು ಇಲ್ಲ.